ಡಿಸೈನು ಅರ್ಜಿಯಲ್ಲಿ ಮಾತಿಗೆ ಎಷ್ಟು ಜಾಗ?



ತುರ್ಭೆಯ ಕಾರ್ಖಾನೆಗಳಲ್ಲಿ ಅಚ್ಚು ಕೊರೆದು ಡಬ್ಬಿ, ಬಾಟಲಿಗಳಿಗೆ ರೂಪ ಕೊಡುವವರಲ್ಲಿ ನಮ್ಮವರಿದ್ದಾರೆ. ಅವುಗಳ ಕಾಗದಪತ್ರ ಟೈಪು ಮಾಡುವವರಲ್ಲೂ ಇದ್ದಾರೆ. ಆದುದರಿಂದ, ಹೊಸ ರೂಪವೊಂದಕ್ಕೆ ಕಾಯ್ದೆಯ ರಕ್ಷಣೆ ಕೇಳುವಾಗ ಏನು ಬರೆಯಬೇಕೆಂಬುದನ್ನು ನಾವು ತಿಳಿದಿರುವುದು ಒಳ್ಳೆಯದು.

ವಸ್ತು ಹೇಗೆ ಕೆಲಸ ಮಾಡುತ್ತದೆಂಬುದು ಪೇಟೆಂಟಿನ ಮಾತು. ಕಣ್ಣಿಗೆ ಹೇಗೆ ಕಾಣುತ್ತದೆಂಬುದು ಡಿಸೈನಿನ ಮಾತು. ಊಟದ ಡಬ್ಬಿಯನ್ನೇ ತೆಗೆದುಕೊಳ್ಳೋಣ. ‘ಮುಚ್ಚಳದ ಮೇಲೆ ಆರು ಎಸಳಿನ ಉಬ್ಬುಗೆರೆ, ನಡುವೆ ತಗ್ಗಿದ ಮೈ’ ಎಂದು ಬರೆದರೆ ಸರಿ. ‘ಅನ್ನ ಆರದ ಹಾಗೆ ಕಾಯುತ್ತದೆ’ ಎಂದರೆ ಅದು ಡಿಸೈನಲ್ಲ. ಚಿತ್ರದಲ್ಲಿ ಇಲ್ಲದ್ದನ್ನು ಮಾತಿನಿಂದ ತುಂಬಲೂ ಆಗದು.

ನಮ್ಮ 2000ದ ಡಿಸೈನ್ಸ್ ಕಾಯ್ದೆಯಂತೆ ಹಾಕುವ ಅರ್ಜಿಯಲ್ಲಿ ವಸ್ತುವಿನ ಹೆಸರು, ಚಿತ್ರಗಳು, ಹೊಸತನ ಎಲ್ಲಿದೆಯೆಂಬ ಚಿಕ್ಕ ಹೇಳಿಕೆ ಇರುತ್ತವೆ. ಹೇಗ್ ಒಪ್ಪಂದದಂತೆಯಾದರೆ, ಜಿನೀವಾದ ಕಚೇರಿಗೆ ಸೇರುವ ಒಂದೇ ಅರ್ಜಿಯಿಂದ ಹಲವು ದೇಶಗಳಲ್ಲಿ ರಕ್ಷಣೆ ಕೇಳಬಹುದು. ಅಲ್ಲಿಯೂ ವರ್ಣನೆಯೆಂದರೆ ಚಿತ್ರದಲ್ಲಿ ಕಾಣುವುದರ ವರ್ಣನೆಯೇ. ನೂರು ಪದ ಮೀರಿತೋ, ಹೆಚ್ಚಾದ ಪ್ರತಿ ಪದಕ್ಕೂ 2 ಸ್ವಿಸ್ ಫ್ರಾಂಕು ತೆರಬೇಕು! ಮಿತವಾಗಿ ಮಾತಾಡಲು ಇದಕ್ಕಿಂತ ದೊಡ್ಡ ಗುರು ಬೇಕೆ?

ಎಲ್ಲ ದೇಶಗಳೂ ವರ್ಣನೆಯನ್ನು ಕಡ್ಡಾಯ ಮಾಡಿಲ್ಲ. 2022ರಲ್ಲಿ ಸೇರಿದ ಚೀನಾ ಅದನ್ನು ಕೇಳುತ್ತದೆ. 2015ರಲ್ಲಿ ಸೇರಿದ ಅಮೆರಿಕಕ್ಕೆ ಗೊತ್ತುಪಡಿಸಿದ ಮಾತುಗಳಲ್ಲೇ ಒಂದು ಹಕ್ಕಿನ ವಾಕ್ಯ ಬೇಕು. ಭಾರತ 2024ರ ಕೊನೆಯವರೆಗೆ ಈ ಒಪ್ಪಂದಕ್ಕೆ ಸೇರಿರಲಿಲ್ಲ. ಆದರೆ ಪ್ಯಾರಿಸ್ ಒಪ್ಪಂದದ ಅನುಕೂಲ ನಮಗುಂಟು: ಇಲ್ಲಿ ಅರ್ಜಿ ಹಾಕಿದ ಆರು ತಿಂಗಳೊಳಗೆ ಅದರ ಸದಸ್ಯ ದೇಶದಲ್ಲಿ ಅರ್ಜಿ ಹಾಕಿದರೆ, ಇಲ್ಲಿಯ ತಾರೀಕೇ ಅಲ್ಲಿಗೂ ಸಲ್ಲುತ್ತದೆ.

ಇನ್ನು ಎರಡು ಎಚ್ಚರಿಕೆಗಳು. ಅರ್ಜಿಗೆ ಮೊದಲೇ ರೂಪ ಬಹಿರಂಗವಾದರೆ ಹೊಸತನ ಹೋಯಿತು. ಎಷ್ಟು ಚೆನ್ನಾಗಿ ಬರೆದರೂ ಅದು ಮರಳಿ ಬಾರದು. ಫೋನಿನಲ್ಲಿ ಅಚ್ಚಿನ ಫೋಟೋ ಹಂಚುವ ಮುನ್ನ ಇದು ನೆನಪಿರಲಿ. ಎರಡನೆಯದು, ಹಣ ಪಡೆದು ಇನ್ನೊಬ್ಬರಿಗಾಗಿ ಮಾಡಿಕೊಟ್ಟ ಡಿಸೈನು ಅವರದಾಗುತ್ತದೆ. ಯಾರಿಗಾಗಿಯೂ ಅಲ್ಲದೆ ತಾವೇ ಕಲ್ಪಿಸಿದ ಡಿಸೈನು ತಮ್ಮದು; ಅರ್ಜಿ ಹಾಕುವ ಹಕ್ಕೂ ತಮ್ಮದು. ನೋಂದಣಿಯಾದರೆ 10 ವರ್ಷ, ಶುಲ್ಕ ಕಟ್ಟಿ ಮುಂದುವರಿಸಿದರೆ ಇನ್ನೂ 5 ವರ್ಷ ರಕ್ಷಣೆ ಸಿಗುತ್ತದೆ.

ಕೈಕೆಲಸ ಬಲ್ಲವರು ಕಾಗದಕ್ಕೆ ಅಂಜಬೇಕಾಗಿಲ್ಲ. ಚಿತ್ರ ಸ್ಪಷ್ಟವಾಗಿರಲಿ, ಮಾತು ಚಿಕ್ಕದಾಗಿರಲಿ, ಅರ್ಜಿ ಮೊದಲು ಹೋಗಲಿ.