ಫೋನಿನಲ್ಲಿ ಕಂಡ ಕೆಂಪು ಮಚ್ಚೆ



ನಾನು ದೋಹಾದಲ್ಲಿ ಮಕ್ಕಳ ವಾರ್ಡಿನ ನರ್ಸ್. ಹೋದ ರಂಜಾನಿನಲ್ಲಿ, ಇಂಡಸ್ಟ್ರಿಯಲ್ ಏರಿಯಾದಲ್ಲಿ ದುಡಿಯುವ ನಮ್ಮ ಕಡೆಯ ಹುಡುಗನೊಬ್ಬ "ಅಕ್ಕಾ, ಸ್ವಲ್ಪ ನೋಡಿ" ಎಂದು ಫೋನು ಹಿಡಿದ. ಊರಲ್ಲಿ ಹುಟ್ಟಿದ ಮಗಳು, ಅವನಿನ್ನೂ ಎತ್ತಿಕೊಂಡಿಲ್ಲ. ಆರು ವಾರದ ಕೂಸಿನ ರೆಪ್ಪೆಯ ಮೇಲೆ ಕೆಂಪು ಉಬ್ಬು. ಹುಟ್ಟಿದಾಗ ಇರಲಿಲ್ಲವಂತೆ. ಅಜ್ಜಿ ಗ್ರಹಣದ ದೋಷ ಎಂದರು, ಪಕ್ಕದ ಮನೆಯವರು ಬರೆ ಹಾಕಿಸಿ ಎಂದರು, ತಾನಾಗಿ ಹೋಗುತ್ತದೆ ಎಂದವರೂ ಇದ್ದರು. ಇವನು, "ಡಿಸೆಂಬರ್ ರಜೆಗೆ ಬಂದು ತೋರಿಸೋಣ" ಎಂದುಬಿಟ್ಟಿದ್ದ.

ಇದು ಹೆಮಾಂಜಿಯೋಮಾ, ಅಂದರೆ ರಕ್ತನಾಳಗಳು ಅತಿಯಾಗಿ ಬೆಳೆದು ಆಗುವ ಗಂಟು. ಕ್ಯಾನ್ಸರ್ ಅಲ್ಲ, ಅಂಟುವುದಿಲ್ಲ. ತಾಯಿ ತಿಂದದ್ದಕ್ಕೂ ಗ್ರಹಣಕ್ಕೂ ಸಂಬಂಧವಿಲ್ಲ. ಬರೆಯಂತೂ ಬೇಡವೇ ಬೇಡ. ಹುಟ್ಟಿದ ಕೆಲವೇ ವಾರಗಳಲ್ಲಿ ಕಾಣಿಸಿಕೊಂಡು 5ರಿಂದ 8ನೇ ವಾರದ ನಡುವೆ ಭರಭರನೆ ಬೆಳೆಯುತ್ತದೆ. 5 ತಿಂಗಳಿಗೆ ಬೆಳವಣಿಗೆ ಬಹುಪಾಲು ಮುಗಿದಿರುತ್ತದೆ. ಆಮೇಲೆ ವರ್ಷಗಟ್ಟಲೆ ನಿಧಾನವಾಗಿ ಕರಗುತ್ತದೆ. ಹಾಗಾಗಿ ತಾನಾಗಿ ಹೋಗುತ್ತದೆ ಎಂದವರ ಮಾತು ಸುಳ್ಳಲ್ಲ. ತೋಳಿನ ಮೇಲಿನ ಸಣ್ಣ ಗಂಟಿಗೆ ಕಾಯುವುದೇ ಸಾಕು. ರೆಪ್ಪೆಯ ಮೇಲಿನದು ಬೇರೆ. ಎಳವೆಯಲ್ಲಿ ಮುಚ್ಚಿಯೇ ಇದ್ದ ಕಣ್ಣಿಗೆ, ಆಮೇಲೆ ರೆಪ್ಪೆ ತೆರೆದರೂ ದೃಷ್ಟಿ ಪೂರ್ತಿ ಬಾರದೇ ಹೋಗಬಹುದು. ಮೂಗಿನ ತುದಿ, ತುಟಿ, ಗದ್ದ, ಡೈಪರ್ ಕಟ್ಟುವ ಜಾಗ, ಸೊಂಟದ ಹಿಂಭಾಗ, ಇಲ್ಲಿದ್ದರೂ ತಡ ಮಾಡಬಾರದು. ಮೈಮೇಲೆ ಐದು ಅಥವಾ ಹೆಚ್ಚು ಇದ್ದರೆ ಪಿತ್ತಜನಕಾಂಗದ ಸ್ಕ್ಯಾನ್ ಮಾಡಿಸುತ್ತಾರೆ. ಆಳದ ಗಂಟು ನೀಲಿಯಾಗಿ ಕಾಣುವುದರಿಂದ ಪೆಟ್ಟು ಬಿದ್ದ ಗುರುತೆಂದು ಸುಮ್ಮನಾಗುವವರೂ ಉಂಟು. ಅಪಾಯದ ಜಾಗದಲ್ಲಿದ್ದರೆ ಮಗುವಿಗೆ 1 ತಿಂಗಳಾಗುವಷ್ಟರಲ್ಲಿ ತಜ್ಞರಿಗೆ ತೋರಿಸಿ ಎನ್ನುತ್ತದೆ ಅಮೆರಿಕದ ಮಕ್ಕಳ ವೈದ್ಯರ 2019ರ ಮಾರ್ಗಸೂಚಿ.

ಔಷಧಿ ಸಿಕ್ಕಿದ್ದು ಆಕಸ್ಮಿಕವಾಗಿ. ಫ್ರಾನ್ಸಿನ ಬೋರ್ಡೋದಲ್ಲಿ ಮಗುವೊಂದಕ್ಕೆ ಹೃದಯದ ತೊಂದರೆಗೆಂದು ಪ್ರೊಪ್ರನೊಲಾಲ್ ಕೊಟ್ಟರೆ, ಮರುದಿನವೇ ಮೂಗಿನ ಗಂಟಿನ ಬಣ್ಣ ಬದಲಾಗಿತ್ತು. ವೈದ್ಯೆ ಕ್ರಿಸ್ಟೀನ್ ಲಿಯೋಟೆ-ಲಾಬ್ರೇಜ್ ಮತ್ತು ಜೊತೆಗಾರರು 2008ರಲ್ಲಿ ಅದನ್ನು ಪ್ರಕಟಿಸಿದರು. ಬಿಪಿಗೆ ಕೊಡುತ್ತಿದ್ದ ಹಳೆಯ ಮಾತ್ರೆ ಅದು! ಹಾಗೆಂದು ಮನೆಯಲ್ಲಿರುವುದನ್ನು ಪುಡಿಮಾಡಿ ಕೊಡಬೇಡಿ. ತೂಕ ನೋಡಿ ಅಳತೆ. ಹಾಲು ಕುಡಿಸಿಯೇ ಕೊಡಬೇಕು, ಇಲ್ಲದಿದ್ದರೆ ಸಕ್ಕರೆ ಅಂಶ ಇಳಿಯುತ್ತದೆ. ಮಗು ಹಾಲು ಬಿಟ್ಟರೆ, ವಾಂತಿಯಾದರೆ, ಉಬ್ಬಸ ಬಂದರೆ ನಿಲ್ಲಿಸಿ ವೈದ್ಯರಿಗೆ ಫೋನ್ ಮಾಡಬೇಕು.

ಸಂಸಾರ ಇಲ್ಲೇ ಇರುವವರು ಎರಡು ತಿಂಗಳ ಲಸಿಕೆಯವರೆಗೆ ಕಾಯದೆ ಹೆಲ್ತ್ ಸೆಂಟರಿಗೆ ಹೋಗಿ. ಊರಲ್ಲಿದ್ದರೆ, ಪಕ್ಕದಲ್ಲೊಂದು ನಾಣ್ಯ ಇಟ್ಟು ವಾರಕ್ಕೊಂದು ಫೋಟೋ ತೆಗೆಸಿ; ಬೆಳೆಯುತ್ತಿದೆಯೇ ಎಂದು ವೈದ್ಯರಿಗೂ ತಿಳಿಯುತ್ತದೆ.

ಹುಡುಗ ಅಂದೇ ರಾತ್ರಿ ಮನೆಗೆ ಫೋನ್ ಮಾಡಿದ. ಆ ವಾರವೇ ಮಂಗಳೂರಿನಲ್ಲಿ ತೋರಿಸಿದರು. ಡಿಸೆಂಬರಿನಲ್ಲಿ ಊರಿಂದ ಫೋಟೋ ಕಳಿಸಿದ್ದ, ಮಗಳು ಅವನ ಹೆಗಲ ಮೇಲೆ. ಕೆಂಪು ಇನ್ನೂ ಸ್ವಲ್ಪ ಇದೆ. ಎರಡೂ ಕಣ್ಣು ತೆರೆದಿವೆ.