ಅಂಟಿಸುವ ಮುನ್ನ, ಬಣ್ಣ ಹಚ್ಚುವ ಮುನ್ನ

(ವಿದ್ಯಾರ್ಥಿಗಳ ವಿಜ್ಞಾನ ವಸ್ತು ಪ್ರದರ್ಶನದ ಪೂರ್ವತಯಾರಿಗಾಗಿ ಜಾಲಹಳ್ಳಿಯಲ್ಲಿ ನಡೆದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವಿಮಾನ, ಸೇತುವೆ, ಮಸೀದಿ ಇವುಗಳ ಮಾದರಿಗಳನ್ನು ಅಳತೆಗೆ ತಕ್ಕಂತೆ ಮಾಡುವಾಗ ಭಾಗಗಳನ್ನು ಅಂಟಿಸುವುದು ಹೇಗೆ, ಕೊನೆಯಲ್ಲಿ ನಯಗೊಳಿಸಿ ಬಣ್ಣ ಕೊಡುವುದು ಹೇಗೆ ಎಂಬ ಬಗ್ಗೆ ಮಾತನಾಡಲು ನನ್ನನ್ನು ಕೇಳಿದ್ದಾರೆ. ಇದೇನು ಮಕ್ಕಳಾಟದ ವಿಷಯ ಎಂದು ಕೆಲವು ಪೋಷಕರಿಗೆ ಅನಿಸಬಹುದು. ಆದ್ದರಿಂದ ಮಾದರಿಯನ್ನು ಬಿಟ್ಟು ನಿಜವಾದ ಒಂದು ವಿಮಾನದಿಂದ ಆರಂಭಿಸುತ್ತೇನೆ.

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಬಳಿ ಮಾಸ್ಕಿಟೊ ಎಂಬ ಯುದ್ಧವಿಮಾನವಿತ್ತು. ಅದರ ಒಡಲು, ರೆಕ್ಕೆ ಎಲ್ಲವೂ ಮರ. ಬಾಲ್ಸಾ, ಪ್ಲೈವುಡ್, ಸ್ಪ್ರೂಸ್ ತುಂಡುಗಳನ್ನು ಅಂಟಿನಿಂದ ಜೋಡಿಸಿ ಮಾಡಿದ್ದು. 1944ರ ಆರಂಭದಲ್ಲಿ ಅವರ 45ನೇ ಸ್ಕ್ವಾಡ್ರನ್ ಈ ವಿಮಾನಗಳನ್ನು ಪಡೆದು ತರಬೇತಾದದ್ದು ಇಲ್ಲೇ ಸಮೀಪದ ಯಲಹಂಕದಲ್ಲಿ. ಅದೇ ವರ್ಷ ಭಾರತದಲ್ಲಿ ಕೆಲವು ಮಾಸ್ಕಿಟೊಗಳ ರೆಕ್ಕೆಗಳು ಹಾರಾಟದಲ್ಲೇ ಕಿತ್ತುಹೋಗಿ ಒಳಗಿದ್ದವರು ಸತ್ತರು. ನವೆಂಬರ್‌ನಲ್ಲಿ ಹಾರಾಟ ನಿಲ್ಲಿಸಿ ತಪಾಸಣೆ ನಡೆಸಬೇಕಾಯಿತು. ನಮ್ಮ ಸೆಕೆ, ಮಳೆಯ ಮೇಲೆ ಅನುಮಾನ ಬಂತು. ತೇವದ ಪಾಲೂ ಇತ್ತೆನ್ನಿ. ಆದರೆ ತನಿಖೆಯಲ್ಲಿ ಕಂಡ ಇನ್ನೊಂದು ದೋಷ ಕಾರ್ಖಾನೆಯದು. ರೆಕ್ಕೆಯ ಮೇಲು ಹಲಗೆ ಒಳಗಿನ ತೊಲೆಗೆ ಪೂರ್ತಿ ತಾಗದೆ ನಡುವೆ ಸಂದು ಉಳಿದಿತ್ತು. ಸಂದು ಇದ್ದ ಕಡೆ ಹಿಡಿತವಿರಲಿಲ್ಲ.

ನಮ್ಮ ಹುಡುಗರು ಮಾಡುವುದೂ ಇದನ್ನೇ. ಎರಡು ತುಂಡು ಸರಿಯಾಗಿ ಕೂರದಿದ್ದರೆ ಇನ್ನಷ್ಟು ಫೆವಿಕಾಲ್ ಸುರಿಯುತ್ತಾರೆ. ಫೆವಿಕಾಲ್‌ನಲ್ಲಿರುವ ನೀರು ಮರಕ್ಕೂ ಗಾಳಿಗೂ ಹೋದ ಮೇಲೆ ಉಳಿಯುವ ತೆಳು ಪೊರೆಯೇ ಬಂಧ. ದಪ್ಪಗೆ ಸುರಿದರೆ ಅದು ಕುಗ್ಗುತ್ತದೆ, ಒಳಗೆ ದಿನಗಟ್ಟಲೆ ಹಸಿಯಾಗಿರುತ್ತದೆ. ಮೊದಲು ಅಂಟಿಲ್ಲದೆ ಜೋಡಿಸಿ, ಬೆಳಕಿಗೆ ಹಿಡಿದು ನೋಡಿ. ಸಂದಿನಲ್ಲಿ ಬೆಳಕು ಕಂಡರೆ ಉಜ್ಜಿ ಸರಿಪಡಿಸಿ. ಆಮೇಲೆ ತೆಳುವಾಗಿ ಹಚ್ಚಿ, ಬಟ್ಟೆ ಒಣಗಿಸುವ ಕ್ಲಿಪ್‌ನಿಂದಲೋ ರಬ್ಬರ್ ಬ್ಯಾಂಡಿನಿಂದಲೋ ಬಿಗಿದು ಒಂದು ರಾತ್ರಿ ಬಿಡಿ. ದಾವೂದ್ ಅಲೈಹಿಸ್ಸಲಾಮ್ ಅವರಿಗೆ ಅಲ್ಲಾಹನು ಕಬ್ಬಿಣವನ್ನು ಮೃದುಗೊಳಿಸಿ ಕೊಟ್ಟು, ಕವಚದ ಕೊಂಡಿಗಳನ್ನು ಅಳತೆಯಿಂದ ಜೋಡಿಸಲು ಆದೇಶಿಸಿದ ಪ್ರಸ್ತಾಪ ಸೂರಃ ಸಬಾದಲ್ಲಿದೆ. ಕೈಕೆಲಸವನ್ನು ಕೀಳೆಂದು ಕಾಣುವವರು ಅದನ್ನು ಗಮನಿಸಬೇಕು.

ಯಾವ ವಸ್ತುವಿಗೆ ಯಾವ ಅಂಟು ಎಂಬುದೂ ಮುಖ್ಯ. ಮರ, ರಟ್ಟು, ಥರ್ಮೋಕೋಲ್‌ಗೆ ಫೆವಿಕಾಲ್ ಸಾಕು. ಥರ್ಮೋಕೋಲ್‌ಗೆ ಥಿನ್ನರ್ ಇರುವ ಅಂಟು ಅಥವಾ ಸ್ಪ್ರೇ ಬಣ್ಣ ತಾಗಿದರೆ ಅದು ಕಣ್ಣೆದುರೇ ಕರಗಿ ಗುಂಡಿ ಬೀಳುತ್ತದೆ. ಅಂಗಡಿಯಲ್ಲಿ ಸಿಗುವ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಕಿಟ್‌ಗಳಲ್ಲಿ ಇದೇ ಕರಗುವ ಗುಣವೇ ಉಪಯೋಗಕ್ಕೆ ಬರುತ್ತದೆ. ಅದರ ಸಿಮೆಂಟ್ ಎರಡೂ ಅಂಚುಗಳನ್ನು ಕರಗಿಸಿ ಬೆಸುಗೆಯಂತೆ ಒಂದಾಗಿಸುತ್ತದೆ. ಲೋಹವನ್ನು ಪ್ಲಾಸ್ಟಿಕ್‌ಗೆ ಕೂರಿಸಲು ಅರಾಲ್ಡೈಟ್ ಒಳ್ಳೆಯದು. ಮೊದಲು ಎರಡನ್ನೂ ಒರಟಾಗಿ ಉಜ್ಜಿ, ಕೈಯ ಜಿಡ್ಡು ಒರೆಸಿ.

ಫೆವಿಕ್ವಿಕ್ ಬಗ್ಗೆ ಸ್ವಲ್ಪ ಎಚ್ಚರ. ಅದು ಗಾಳಿಯ ತೇವದಿಂದ ಗಟ್ಟಿಯಾಗುವ ಅಂಟು. 1942ರಲ್ಲಿ ಅಮೆರಿಕದ ಹ್ಯಾರಿ ಕೂವರ್ ಎಂಬ ರಸಾಯನ ವಿಜ್ಞಾನಿ ಬಂದೂಕಿನ ಗುರಿನೋಟಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುವಾಗ ಈ ವಸ್ತು ಸಿಕ್ಕಿತು. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆಂದು ಆಗ ಬದಿಗಿಟ್ಟರು. ಗಾಜಿನಂಥ ಪ್ಲಾಸ್ಟಿಕ್ ಕಿಟಕಿಗೆ ಇದನ್ನು ಹಾಕಿದರೆ ಸುತ್ತ ಬಿಳಿ ಮಂಜು ಕೂರುತ್ತದೆ. ಅಲ್ಲಿಗೆ ಫೆವಿಕಾಲ್ ಸಾಕು, ಒಣಗಿದ ಮೇಲೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಹತ್ತಿಯ ಮೇಲೆ ಚೆಲ್ಲಿದರೆ ಸುಡುವಷ್ಟು ಬಿಸಿಯಾಗುತ್ತದೆ, ಹತ್ತಿಯ ಬಟ್ಟೆಯಿಂದ ಒರೆಸಬೇಡಿ. ಬೆರಳು ಅಂಟಿದರೆ ಎಳೆಯದೆ ಬೆಚ್ಚಗಿನ ಸೋಪಿನ ನೀರಿನಲ್ಲಿ ನೆನೆಸಿ. ಕಣ್ಣಿಗೆ ಬಿದ್ದರೆ ನೀರಿನಿಂದ ತೊಳೆಯುತ್ತಾ ನೇರ ವೈದ್ಯರ ಬಳಿಗೆ ಹೋಗಿ.

ಇನ್ನು ಬಣ್ಣದ ವಿಷಯ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಎಚ್.ಎ.ಎಲ್. ತಯಾರಿಸಿದ ಮಾರುತ್ ವಿಮಾನವನ್ನು ನೀವು ನೋಡಿರಬಹುದು. ಉದ್ದ 15.87 ಮೀಟರ್. 1:72 ಅಳತೆಯಲ್ಲಿ ಮಾಡಿದರೆ 22 ಸೆಂಟಿಮೀಟರ್. ಆ ಮಾದರಿಯ ಮೇಲೆ 1 ಮಿಲಿಮೀಟರ್ ಅಂಟಿನ ಉಂಡೆ ಉಳಿದರೆ ನಿಜವಾದ ವಿಮಾನದ ಮೇಲೆ 7 ಸೆಂಟಿಮೀಟರಿನ ಗಂಟು ಇದ್ದಂತೆ! ಬಣ್ಣದ ದಪ್ಪಕ್ಕೂ ಇದೇ ಲೆಕ್ಕ. ಹಾಗಾಗಿ ಒಂದು ದಪ್ಪ ಲೇಪನಕ್ಕಿಂತ ಮೂರು ತೆಳು ಲೇಪನ ಮೇಲು, ಪ್ರತಿಯೊಂದೂ ಒಣಗಿದ ಮೇಲೆಯೇ ಮುಂದಿನದು. ಮರವನ್ನು 150 ನಂಬರಿನ ಮರಳು ಕಾಗದದಿಂದ ಆರಂಭಿಸಿ 220, 400 ಎಂದು ಎಳೆಯ ಗುಂಟ ಉಜ್ಜಿ. ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿದರೆ ಅಡಗಿದ್ದ ನಾರುಗಳು ಎದ್ದು ನಿಲ್ಲುತ್ತವೆ, ಒಣಗಿದ ಮೇಲೆ ಅವನ್ನೂ ಉಜ್ಜಿ ಸೀಲರ್ ಹಚ್ಚಿ. ಬಣ್ಣ ಕುಂದನ್ನು ಮುಚ್ಚುವುದಿಲ್ಲ, ಇನ್ನಷ್ಟು ಎತ್ತಿ ತೋರಿಸುತ್ತದೆ.

ಚನ್ನಪಟ್ಟಣಕ್ಕೆ ಹೋದರೆ ಇದನ್ನು ಕಣ್ಣಾರೆ ನೋಡಬಹುದು. ಅಲ್ಲಿ ನಮ್ಮ ಸಮುದಾಯದ ಕುಶಲಕರ್ಮಿಗಳು ಬಹಳ ಮಂದಿ ಇದ್ದಾರೆ. ಆಲೆ ಮರವನ್ನು ಒಣಗಿಸಿ, ಲೇಥ್‌ನಲ್ಲಿ ತಿರುವಿ, ನುಣುಪಾದ ಮೇಲೆಯೇ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಹರಡುತ್ತದೆ. ಕೊನೆಗೆ ಕೇದಗೆಯ ಗರಿ ಹಿಡಿದು ಹೊಳಪು ತರುತ್ತಾರೆ. ಬ್ರಷ್ ಇಲ್ಲ, ಥಿನ್ನರ್ ಇಲ್ಲ.

ಥಿನ್ನರ್ ಬಳಸಲೇಬೇಕಾದರೆ ಕಿಟಕಿ ತೆರೆದಿಟ್ಟು, ದೊಡ್ಡವರು ಜೊತೆಗಿದ್ದಾಗ ಬಳಸಿ; ಹತ್ತಿರ ಒಲೆ, ಊದುಬತ್ತಿ ಇರಬಾರದು. ಅದರ ವಾಸನೆ ಎಳೆಯುವ ಚಟಕ್ಕೆ ಬಿದ್ದ ಹುಡುಗರನ್ನು ನಮ್ಮ ನಗರದ ಬೀದಿಗಳಲ್ಲಿ ಎಲ್ಲರೂ ಕಂಡಿದ್ದೇವೆ. ಪೋಷಕರು ಡಬ್ಬಿಯನ್ನು ಬೀಗದಲ್ಲಿಡಿ. ಮಳೆಯ ದಿನ ಸ್ಪ್ರೇ ಮಾಡಬೇಡಿ, ತೇವಕ್ಕೆ ಬಣ್ಣ ಬೆಳ್ಳಗೆ ಮಸುಕಾಗುತ್ತದೆ.

ಪ್ರದರ್ಶನದ ಹಿಂದಿನ ರಾತ್ರಿ ಅಂಗಡಿಯಿಂದ ಸಿದ್ಧ ಥರ್ಮೋಕೋಲ್ ತಾಜ್ ಮಹಲ್ ತಂದು ಮಗುವಿನ ಹೆಸರು ಬರೆಯುವ ಪದ್ಧತಿಯನ್ನು ಈ ವರ್ಷ ಬಿಡೋಣ. ಅಂಟು ಒಣಗಲು, ಉಜ್ಜಲು, ಮೂರು ಲೇಪನಕ್ಕೆ ಕನಿಷ್ಠ ಒಂದು ವಾರ ಬೇಕು, ಇಂದೇ ಲೆಕ್ಕ ಹಾಕಿಕೊಳ್ಳಿ. ಹೊರಗಿನ ಮೇಜಿನ ಮೇಲೆ ಮರದ ಚೂರು, ಮರಳು ಕಾಗದ, ಫೆವಿಕಾಲ್ ಇಟ್ಟಿದ್ದೇನೆ. ಅಸರ್ ನಮಾಝ್‌ವರೆಗೂ ನಾನು ಅಲ್ಲೇ ಇರುತ್ತೇನೆ, ಬಂದು ಮಾಡಿ ನೋಡಿ.