ರೂಮಾ ಬಾವಿ ಮತ್ತು ನಮ್ಮೂರ ಹಳ್ಳದ ಚೆಕ್ ಡ್ಯಾಂ

(ರಾಮನಗರದಲ್ಲಿ ನೀಡಿದ ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿಯೂ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದರ(ಸ) ಮೇಲೆ, ಅವರ ಕುಟುಂಬ ಮತ್ತು ಸಹಾಬಿಗಳ ಮೇಲೆ ಅವನ ಕೃಪೆ, ಶಾಂತಿ ಇರಲಿ. ಸತ್ಯವಿಶ್ವಾಸಿಗಳೇ, ಮೊದಲು ನನಗೆ, ಆಮೇಲೆ ನಿಮಗೆ ತಖ್ವಾದ ಉಪದೇಶ ಮಾಡುತ್ತೇನೆ.

ಕಳೆದ ತಿಂಗಳು ಚನ್ನಪಟ್ಟಣದ ಕಡೆಯ ಒಂದು ಹಳ್ಳಿಯ ಜಮಾಅತಿನವರು ಬಂದಿದ್ದರು. ಅವರೂರಿನ ಹಳ್ಳಕ್ಕೆ ಚೆಕ್ ಡ್ಯಾಂ ಕಟ್ಟಿಕೊಡುತ್ತೇವೆ, ಮಸೀದಿಯ ಪಕ್ಕದ ಬತ್ತಿದ ಬಾವಿಗೆ ಮಳೆನೀರು ಇಂಗಿಸಿಕೊಡುತ್ತೇವೆ ಎಂದು ಒಂದು ಕಂಪೆನಿ ಮುಂದೆ ಬಂದಿದೆಯಂತೆ. "ಹಜ್ರತ್, ಈ ಹಣ ತಗೊಳ್ಳಬಹುದಾ? ಕಲ್ಲಿನ ಮೇಲೆ ಅವರ ಹೆಸರು ಹಾಕಬೇಕಂತೆ" ಎಂದು ಕೇಳಿದರು. ತಗೊಳ್ಳಿ ಎಂದೆ. ಆದರೆ ಎರಡು ಮಾತು ಕೇಳಿಕೊಂಡು ತಗೊಳ್ಳಿ ಎಂದೆ. ಆ ಎರಡು ಮಾತುಗಳೇ ಇಂದಿನ ಖುತ್ಬಾ.

ಮದೀನಾಕ್ಕೆ ಹಿಜ್ರತ್ ಮಾಡಿ ಬಂದಾಗ ಮುಸ್ಲಿಮರಿಗೆ ಸಿಹಿನೀರಿನ ಕಷ್ಟವಿತ್ತು. ರೂಮಾ ಎಂಬ ಬಾವಿಯ ನೀರನ್ನು ದುಡ್ಡು ಕೊಟ್ಟೇ ಕುಡಿಯಬೇಕಿತ್ತು. ಅದನ್ನು ಕೊಂಡು ಜನರಿಗೆ ಬಿಡುವವರು ಯಾರು ಎಂದು ಪ್ರವಾದಿವರ್ಯರು(ಸ) ಕೇಳಿದರು; ಅಂಥವರಿಗೆ ಸ್ವರ್ಗದಲ್ಲಿ ಅದಕ್ಕಿಂತ ಉತ್ತಮವಾದದ್ದಿದೆ ಎಂದರು. ಉಸ್ಮಾನ್(ರ) ತಮ್ಮ ಸ್ವಂತ ಹಣದಿಂದ ಕೊಂಡರು. ಈ ಘಟನೆ ನಮಗೆಲ್ಲ ಗೊತ್ತು. ಆದರೆ ಅದರಲ್ಲಿ ಒಂದು ಷರತ್ತಿತ್ತು, ಅದನ್ನು ನಾವು ಗಮನಿಸುವುದಿಲ್ಲ. ಕೊಂಡವನು ತನ್ನ ಬಿಂದಿಗೆಯನ್ನು ಬೇರೆಯವರ ಬಿಂದಿಗೆಗಳ ಜೊತೆಗೇ ಇಡಬೇಕು. ಅಂದರೆ ಬಾವಿಗೆ ಹಣ ಕೊಟ್ಟವನಿಗೆ ಒಂದು ಕೊಡ ನೀರೂ ಹೆಚ್ಚಿಗೆ ಇಲ್ಲ, ಸಾಲಿನಲ್ಲಿ ಮುಂದೆ ನಿಲ್ಲುವ ಹಕ್ಕೂ ಇಲ್ಲ.

ಕಂಪೆನಿಯವರ ಮುಂದೆ ಇಡಬೇಕಾದ ಮೊದಲ ಮಾತು ಇದೇ. ಚೆಕ್ ಡ್ಯಾಂ ಕಟ್ಟಿದಿರಿ, ಸಂತೋಷ. ಆದರೆ ಅದರ ಹೆಸರಿನಲ್ಲಿ ನಮ್ಮ ಅಂತರ್ಜಲಕ್ಕೆ ಇನ್ನೆರಡು ಬೋರ್‌ವೆಲ್ ಇಳಿಸುವ ಸಲಿಗೆ ಹುಟ್ಟಬಾರದು. ನೀರಿನಲ್ಲಿ ಮುಸ್ಲಿಮರೆಲ್ಲರೂ ಪಾಲುದಾರರು ಎಂದು ಅಬೂದಾವೂದ್‌ನ ಹದೀಸಿನಲ್ಲಿದೆ. ಹುಲ್ಲು ಮತ್ತು ಬೆಂಕಿಯ ಜೊತೆ ನೀರಿನ ಹೆಸರೂ ಅಲ್ಲಿದೆ. ಪಾಲುದಾರ ದಾನ ಕೊಡಬಹುದು, ಯಜಮಾನನಾಗುವಂತಿಲ್ಲ.

ಇದನ್ನು ಹೇಳಲು ಸಂಕೋಚವೂ ಬೇಡ. ಕಂಪೆನಿಗಳು ಕೊಡುವ ಈ ಸಿಎಸ್‌ಆರ್ ಹಣ ಬರೀ ಅವರ ಮನಸ್ಸಿನ ಔದಾರ್ಯ ಅಲ್ಲ. 2013ರ ಕಂಪೆನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪೆನಿ ಹಿಂದಿನ 3 ವರ್ಷಗಳ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ತಾನು ಇರುವ ಊರಿನ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕೆಂದೂ ಕಾಯ್ದೆಯಲ್ಲೇ ಇದೆ. ಇದನ್ನು ಝಕಾತ್ ಎಂದು ತಿಳಿಯಬೇಡಿ. ಝಕಾತ್ ಇಬಾದತ್, ಇದು ಸರಕಾರದ ಕಾನೂನು. ಬಿಡದಿಯ ಕೈಗಾರಿಕಾ ಪ್ರದೇಶದಲ್ಲಿ ಟೊಯೋಟಾ ಕಿರ್ಲೋಸ್ಕರ್, ಬಾಷ್, ಕೋಕಾ ಕೋಲಾದಂಥ ದೊಡ್ಡ ಕಾರ್ಖಾನೆಗಳಿವೆ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಟೊಯೋಟಾ ಹಾಕಿಕೊಟ್ಟ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಶಿವಗಂಗೆಯಲ್ಲಿ ಹುಟ್ಟಿ ಮಾಗಡಿ ತಾಲೂಕಿನ ತಿಪ್ಪಗೊಂಡನಹಳ್ಳಿಯತ್ತ ಹರಿಯುವ ಕುಮುದ್ವತಿಯ ಪುನಶ್ಚೇತನಕ್ಕೆ ಎಚ್‌ಎಎಲ್ ಹಣ ಕೊಟ್ಟಿದೆ. ಅಲ್ಲಿ ಕಲ್ಲಿನ ತಡೆಗಳನ್ನೂ ಇಂಗುಬಾವಿಗಳನ್ನೂ ಮಾಡಿದ್ದಾರೆ. ಒಳ್ಳೆಯ ಕೆಲಸ ಯಾರು ಮಾಡಿದರೂ ಒಳ್ಳೆಯದೇ, ಶುಕ್ರ್ ಹೇಳೋಣ.

ಎರಡನೆಯ ಮಾತು ಇದಕ್ಕಿಂತ ಕಷ್ಟದ್ದು, ಯಾಕೆಂದರೆ ಅದು ಕಂಪೆನಿಗಿಂತ ಹೆಚ್ಚಾಗಿ ನಮ್ಮ ತಲೆಗೇ ಬರುತ್ತದೆ.

ಕನಕಪುರ ತಾಲೂಕಿನ ಒಂದು ಹಳ್ಳಿಗೆ ಒಂದು ನಿಕಾಹ್‌ಗೆ ಹೋಗಿದ್ದೆ. ಊರ ಹೊರಗೆ ಒಂದು ಚೆಕ್ ಡ್ಯಾಂ. ಕಟ್ಟಿ ಮೂರೋ ನಾಲ್ಕೋ ಮಳೆಗಾಲ ಆಗಿರಬೇಕು. ಗೋಡೆಯ ಅಂಚಿನವರೆಗೂ ಹೂಳು ತುಂಬಿ ಅದರ ಮೇಲೆ ಮೇಕೆಗಳು ಓಡಾಡುತ್ತಿದ್ದವು. ನೀರು ನಿಲ್ಲಲು ಜಾಗವೇ ಇಲ್ಲ. ಪಕ್ಕದ ಕಲ್ಲಿನ ಮೇಲೆ ಮಾತ್ರ ದಾನಿಯ ಹೆಸರು, ಉದ್ಘಾಟಿಸಿದವರ ಹೆಸರು ಇನ್ನೂ ಹೊಳೆಯುತ್ತಿತ್ತು. ಹೂಳು ಯಾರು ತೆಗೆಯಬೇಕು ಎಂದರೆ ಪಂಚಾಯತಿ ಎಂದರು. ಪಂಚಾಯತಿ ಸದಸ್ಯರೂ ಊಟಕ್ಕೆ ಬಂದಿದ್ದರು. ಅದು ಕಂಪೆನಿಯದ್ದು ಎಂದರು.

ನಮ್ಮ ಫಿಕ್ಹ್‌ನಲ್ಲಿ ಈ ಪ್ರಶ್ನೆಗೆ ಉತ್ತರ ಇದೆ. ವಕ್ಫ್ ಆಸ್ತಿಯ ಆದಾಯವನ್ನು ಎಲ್ಲಕ್ಕಿಂತ ಮೊದಲು ಆ ಆಸ್ತಿಯ ದುರಸ್ತಿಗೇ ಖರ್ಚು ಮಾಡಬೇಕು, ಹಂಚುವುದು ಆಮೇಲೆ. ದಾನಿ ಆ ಷರತ್ತು ಬರೆದಿರದಿದ್ದರೂ ದುರಸ್ತಿಯೇ ಮೊದಲು ಎನ್ನುತ್ತಾರೆ ಹನಫಿ ಉಲಮಾಗಳು. ಹಾರೂನ್ ರಶೀದರ ಪತ್ನಿ ಝುಬೈದಾ ಮಕ್ಕಾಕ್ಕೆ ನೀರಿನ ಕಾಲುವೆ ತರಿಸಿದರು. ಖರ್ಚಿನ ಲೆಕ್ಕದ ಪುಸ್ತಕವನ್ನು ಅವರು ನದಿಗೆ ಎಸೆದರು ಎಂಬ ಕಥೆಯಿದೆ. (ನಮ್ಮ ಕಮಿಟಿಯವರು ಈ ಸುನ್ನತ್ ಅನುಸರಿಸಬೇಡಿ!) ಆದರೆ ಆ ಕಾಲುವೆ ಉಳಿದದ್ದು ಹಿಂದೆ ಬಂದವರು ದುರಸ್ತಿ ಮಾಡುತ್ತಾ ಬಂದದ್ದರಿಂದ. ಏಳು ಶತಮಾನಗಳ ನಂತರ, 16ನೇ ಶತಮಾನದಲ್ಲಿ, ಉಸ್ಮಾನಿಯಾ ರಾಜಕುಮಾರಿ ಮೆಹರಿಮಾ ಅದನ್ನು ಸರಿಪಡಿಸಲು ಹಣ ಕೊಟ್ಟರು.

ನಮ್ಮ ನಾಡಿನವರಿಗೂ ಇದು ಗೊತ್ತಿತ್ತು. ಹಳೆಯ ಶಾಸನಗಳಲ್ಲಿ ಕಟ್ಟುಗೊಡಗೆ ಎಂಬ ಮಾತು ಬರುತ್ತದೆ. ಕೆರೆ ಕಟ್ಟಿದವನಿಗೆ, ಅದನ್ನು ನೋಡಿಕೊಳ್ಳುವವನಿಗೆ ಜಮೀನು ಬಿಟ್ಟುಕೊಡುವ ಪದ್ಧತಿ ಅದು. ತೂಬು ಎತ್ತಲು, ನೀರು ಹಂಚಲು ನೀರುಗಂಟಿ ಇದ್ದ. ಈಗ ಕೆರೆಗಳಿವೆ, ನೀರುಗಂಟಿಯ ಕೆಲಸ ಯಾರದೂ ಅಲ್ಲ.

ಹಾಗಾಗಿ ಆ ಹಳ್ಳಿಯವರಿಗೆ ಹೇಳಿದೆ: ಕಂಪೆನಿಯವರು ಬಂದಾಗ ಕಟ್ಟುವ ಖರ್ಚು ಮಾತ್ರ ಕೇಳಬೇಡಿ. ಶುರುವಾದ ವರ್ಷ ಬಿಟ್ಟು ಮತ್ತೆ 3 ವರ್ಷ ನಡೆಯುವ ಯೋಜನೆಗೆ ಕಾನೂನು ಅವಕಾಶ ಕೊಟ್ಟಿದೆ. ಆ ವರ್ಷಗಳ ಹೂಳೆತ್ತುವ ಹಣವನ್ನು ಒಪ್ಪಂದದಲ್ಲೇ ಬರೆಸಿ. ಅದಾದ ಮೇಲೆ ಪ್ರತಿ ಬೇಸಿಗೆ ಹೂಳು ತೆಗೆಯುವ ಜವಾಬ್ದಾರಿ ಊರಿನದು. ಹಿಂದೂಗಳು, ಮುಸ್ಲಿಮರು ಎಲ್ಲರೂ ಸೇರಿದ ಸಮಿತಿ ಮಾಡಿ. ಹಳ್ಳ ಯಾರ ಮೊಹಲ್ಲಾ ಎಂದು ಕೇಳಿ ಹರಿಯುವುದಿಲ್ಲ.

ಇನ್ನು ನಮ್ಮ ಊರಿನ ವಿಷಯ. 2022ರ ಆಗಸ್ಟ್ ಕೊನೆಯಲ್ಲಿ ಇದೇ ರಾಮನಗರದ ತಗ್ಗಿನ ಮನೆಗಳಿಗೆ ನೀರು ನುಗ್ಗಿತ್ತು. 2024ರ ಬೇಸಿಗೆಯಲ್ಲಿ ಕೊಡಗಳನ್ನು ಸಾಲಾಗಿಟ್ಟು ಟ್ಯಾಂಕರ್ ಕಾದೆವು. ನಮ್ಮಲ್ಲಿ ಬಹಳ ಮಂದಿ ರೇಷ್ಮೆ ರೀಲಿಂಗ್‌ನವರು. ಗೂಡು ಬೇಯಿಸಲು ನೀರು ಬೇಕು, ಬೇಯಿಸಿದ ನೀರು ಚರಂಡಿಗೆ, ಚರಂಡಿಯಿಂದ ಅರ್ಕಾವತಿಗೆ. ಬೆಂಗಳೂರಿನ ಕೊಳಚೆ ವೃಷಭಾವತಿಯಲ್ಲಿ ಬೈರಮಂಗಲಕ್ಕೆ ಬರುತ್ತದೆ ಎಂದು ನಾವು ಬೈಯುತ್ತೇವೆ, ಅದು ಸರಿಯೇ. ಕನಕಪುರದವರು ನಮ್ಮ ಬಗ್ಗೆ ಏನನ್ನಬಹುದು ಎಂದೂ ಯೋಚಿಸಬೇಕು. ನಾವು ಬಿಟ್ಟ ನೀರೇ ಹೊಳೆಯಲ್ಲಿ ಅವರ ಕಡೆಗೆ ಹೋಗುತ್ತದೆ.

ಪ್ರವಾದಿವರ್ಯರು(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರು ಎಂದು ಅನಸ್(ರ) ವರದಿ ಮಾಡಿದ್ದಾರೆ. ಅಂದರೆ ಹೆಚ್ಚೆಂದರೆ ಒಂದು ಲೀಟರಿನ ಆಸುಪಾಸು. ಇವತ್ತು ನಮಾಝ್‌ಗೆ ಮುಂಚೆ ನಮ್ಮ ವುಝೂಖಾನೆಯ ನಲ್ಲಿಗಳನ್ನು ನೋಡಿದೆ. ಎರಡು ನಲ್ಲಿ ಸೋರುತ್ತಿವೆ, ನೀರೆಲ್ಲ ನೇರ ಚರಂಡಿಗೆ ಹೋಗುತ್ತಿದೆ. ಇದಕ್ಕೆ ಯಾವ ಕಂಪೆನಿಯೂ ಬರಬೇಕಿಲ್ಲ.

ಮಸೀದಿಯ ಹಿಂದಿನ ಖಾಲಿ ಜಾಗದಲ್ಲಿ ಛಾವಣಿಯ ಮಳೆನೀರಿಗೆ ಒಂದು ಇಂಗುಗುಂಡಿ ತೋಡುವುದು, ವುಝೂವಿನ ನೀರನ್ನು ತೆಂಗಿನ ಮರಗಳಿಗೆ ತಿರುಗಿಸುವುದು ಎಂದು ಕಮಿಟಿ ಒಪ್ಪಿದೆ. ಬರುವ ಭಾನುವಾರ ಫಜ್ರ್ ನಮಾಝ್ ನಂತರ ಕೆಲಸ ಶುರು. ಹಾರೆ, ಗುದ್ದಲಿ ಇರುವವರು ತನ್ನಿ. ನಲ್ಲಿಯ ವಾಷರ್‌ಗಳನ್ನು ಹಾರ್ಡ್‌ವೇರ್ ಅಂಗಡಿಯ ಒಬ್ಬ ಸಹೋದರರು ಕೊಡುತ್ತಾರಂತೆ. ಹೆಸರು ಹೇಳಬೇಡಿ ಎಂದಿದ್ದಾರೆ.